ದಂತದ ಕಲೆಯೂ ಬಿರುಕೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಅಧಿಕ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಿಂದ ಕುಡಿದವರ ದಂತಕವಚವು ಸುಣ್ಣದಂತೆ ಬೆಳ್ಳಗಾಗಿ, ಕಂದುಗಟ್ಟಿ, ವಿಷಮಿಸಿದಲ್ಲಿ ಚಕ್ಕೆಯೇಳುವುದು. ಅಂಥ ಬಾಲಕರನ್ನು ಹಲ್ಲುಜ್ಜದವರೆಂದು ಗದರುವುದು ಅನ್ಯಾಯ, ದೋಷವು ನೀರಿನದು.

ಬಿರುಕು ಬೇರೆ. ಕಲೆಯು ಎಡಬಲದ ಜೋಡಿಹಲ್ಲುಗಳಲ್ಲಿ ಸಮನಾಗಿ ತೋರುವುದು, ಸಾಮಾನ್ಯವಾಗಿ ನೋಯದು. ಬಿರುಕಾದರೋ ಬಹುಶಃ ಒಂದೇ ಹಲ್ಲಿನಲ್ಲಿ. ಹುರಿಗಡಲೆ ಕಡಿದು ಬಿಟ್ಟೊಡನೆ ಚುಳುಕ್ಕೆನ್ನುವುದು. ಕ್ಷಕಿರಣ ಚಿತ್ರದಲ್ಲಿ ಅದು ಎಷ್ಟೋ ವೇಳೆ ಕಾಣದಾದ್ದರಿಂದ ವೈದ್ಯರು ಹಲ್ಲಿನ ಒಂದೊಂದು ಉಬ್ಬಿನ ಮೇಲೂ ಕಚ್ಚಿಸಿ ಪರೀಕ್ಷಿಸುವರು. ಬಿರುಕಿದ ಹಲ್ಲಿಗೆ ಕವಚ ತೊಡಿಸುವರು. ತಿರುಳು ಕೆಟ್ಟಿದ್ದರೆ ಬೇರುನಾಳವನ್ನು ಶುದ್ಧಿಗೊಳಿಸುವರು. ಸೀಳು ಬೇರಿಗಿಳಿದಿದ್ದರೆ ಕೀಳುವುದೇ ಗತಿ.

ಕಲೆಯನ್ನು ಮರೆಮಾಡಬಹುದು, ಅಳಿದ ಕವಚ ಮತ್ತೆ ಬೆಳೆಯದು. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದೆಂಬ ನಂಬಿಕೆಯೂ ಹುಸಿ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುವುದು. ಎಂಟು ವರ್ಷದೊಳಗಿನ ಮಕ್ಕಳಿಗಾದರೂ ಶುದ್ಧವಾಗಿ ಕೂಡಿಟ್ಟ ಮಳೆನೀರನ್ನೋ ಪರೀಕ್ಷಿಸಿದ ಘಟಕದ ನೀರನ್ನೋ ಕೊಡತಕ್ಕದ್ದು.