ರಕ್ತವನ್ನು ಹೆಪ್ಪುಗಟ್ಟಗೊಡದ ಔಷಧವೂ ಸೊಪ್ಪಿನ ಆಹಾರವೂ

೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಗಳಲ್ಲಿ ಒಂದು ವಿಚಿತ್ರ ಜಾಡ್ಯವು ಕಾಣಿಸಿಕೊಂಡಿತು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವನ್ನು ತಿಂದ ದನಗಳಿಗೆ ಕೊಂಬು ಕತ್ತರಿಸಿದರೆ ರಕ್ತವು ನಿಲ್ಲದೆ ಹರಿದು ಅವು ಸಾಯುತ್ತಿದ್ದುವು. ೧೯೩೯ರಲ್ಲಿ ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಎಂಬವರ ಪ್ರಯೋಗಶಾಲೆಯಲ್ಲಿ ಆ ಮೇವಿನಿಂದ ಡೈಕೂಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಅದೇ ಜಾತಿಯ ವಾರ್ಫರಿನ್ ೧೯೪೮ರಲ್ಲಿ ಇಲಿಯ ವಿಷವಾಗಿಯೂ ೧೯೫೪ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂದಿತು. ಹೃದಯದಲ್ಲಿ ಲೋಹದ ಕವಾಟವುಳ್ಳವರೇ ಮೊದಲಾದವರಿಗೆ ವೈದ್ಯರು ಈಗಲೂ ಇದನ್ನಾಗಲಿ, ಅಸಿನೊಕೌಮರಾಲನ್ನಾಗಲಿ ಕೊಡುತ್ತಾರೆ.

ಈ ಔಷಧದಿಂದ ರಕ್ತವು ನೀರಿನಂತೆ ತೆಳುವಾಗುವುದೆಂದು ತಿಳಿಯತಕ್ಕದ್ದಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಕೆಲವು ದ್ರವ್ಯಗಳನ್ನು ಸಿದ್ಧಪಡಿಸಲು ಪಿತ್ತಜನಕಾಂಗಕ್ಕೆ 'ಕೆ' ಜೀವಸತ್ವವು ಬೇಕು. ಔಷಧವು ಆ ಸತ್ವದ ಕೆಲಸವನ್ನು ತಡೆಯುತ್ತದೆ. ನುಗ್ಗೆ, ದಂಟು, ಹರಿವೆ, ಪಾಲಕ್ ಮೊದಲಾದ ಹಸುರು ಸೊಪ್ಪುಗಳಲ್ಲಿ ಈ ಸತ್ವವು ಹೇರಳವಾಗಿದೆ. ಆದುದರಿಂದ ಸೊಪ್ಪು ಒಮ್ಮೆಲೇ ಹೆಚ್ಚಿದರೆ ಔಷಧದ ಬಲವು ಕುಂದಿ ಕವಾಟದಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಒಮ್ಮೆಲೇ ನಿಂತರೆ ರಕ್ತಸ್ರಾವವಾಗಬಹುದು. ಎರಡೂ ಪ್ರಾಣಾಪಾಯಕರ.

ಹಳ್ಳಿಗಳಲ್ಲಿ ಈ ಏರಿಳಿತವು ಋತುವನ್ನನುಸರಿಸಿ ಬರುತ್ತದೆ. ಮುಂಗಾರು ಬಿದ್ದ ಮೇಲೆ ಬದುಗಳಲ್ಲಿ ಬೆರಕೆಸೊಪ್ಪು ಬೆಳೆದು ದಿನವೂ ಬಸ್ಸಾರಾಗುವುದು; ಬೇಸಗೆಯಲ್ಲಿ ವಾರಗಟ್ಟಲೆ ಸೊಪ್ಪೇ ಇರದು. ರೋಗಿಯು ಗುಳಿಗೆಯನ್ನು ತಪ್ಪದೆ ನುಂಗಿದರೂ ಅದರ ಫಲವು ಹೀಗೆ ಬದಲಾಗಬಹುದು. ಆದಕಾರಣ ಅನುಸರಿಸತಕ್ಕ ಕ್ರಮಗಳು:

೧. ಸೊಪ್ಪನ್ನು ವರ್ಜಿಸಬೇಕಾಗಿಲ್ಲ. ವರ್ಷವೆಲ್ಲ ವಾರಕ್ಕೆ ಸರಿಸುಮಾರು ಒಂದೇ ಅಳತೆಯಲ್ಲಿ ಉಣ್ಣತಕ್ಕದ್ದು. ಹಿತ್ತಿಲಲ್ಲಿ ಸಣ್ಣ ಮಡಿಗಳನ್ನು ಮಾಡಿ, ಹದಿನೈದು ದಿನಕ್ಕೊಂದರಂತೆ ದಂಟು, ಹರಿವೆಗಳನ್ನು ಬಿತ್ತಿ ನೀರು ಕೊಟ್ಟರೆ ಬೇಸಗೆಯಲ್ಲಿಯೂ ಸೊಪ್ಪಿಗೆ ಕೊರತೆಯಾಗದು.

೨. ವೈದ್ಯರು ಗೊತ್ತುಮಾಡಿದ ದಿನಗಳಲ್ಲಿ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಅನೇಕ ರೋಗಿಗಳಲ್ಲಿ ಇದು ೨ರಿಂದ ೩ರೊಳಗೆ ಇರಬೇಕಾಗುವುದು; ಕೆಲವು ಕವಾಟಗಳಿಗೆ ಇನ್ನೂ ಹೆಚ್ಚು. ದೀರ್ಘ ಉಪವಾಸ, ಭೇದಿ, ಊಟದ ಬದಲಾವಣೆಗಳನ್ನು ವೈದ್ಯರಿಗೆ ತಿಳಿಸಬೇಕು.

೩. ವೈದ್ಯರನ್ನು ಕೇಳದೆ ನೋವಿನ ಗುಳಿಗೆ, ನಾಟಿ ಔಷಧಗಳನ್ನು ಸೇವಿಸಕೂಡದು, ಮದ್ಯವನ್ನು ದೂರವಿಡಬೇಕು. ಗುಳಿಗೆಯನ್ನು ತಾನಾಗಿ ಹೆಚ್ಚುಕಡಿಮೆ ಮಾಡಕೂಡದು.

೪. ಮಲವು ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಊರಿನ ಮುಖ್ಯಸ್ಥರೂ ಭೂಮಾಲೀಕರೂ ತಮ್ಮ ಮನೆಯವರಲ್ಲಿಯೂ ಆಳುಗಳಲ್ಲಿಯೂ ಇಂತಹ ಔಷಧ ಸೇವಿಸುವವರು ಯಾರೆಂದು ತಿಳಿದಿದ್ದು, ಸುಗ್ಗಿಯ ಕೆಲಸದ ನೆಪದಿಂದ ಅವರ ರಕ್ತಪರೀಕ್ಷೆ ತಪ್ಪದಂತೆ ನೋಡಿಕೊಳ್ಳುವುದು ಅತ್ಯವಶ್ಯಕ.