ಕುತ್ತಿಗೆಗೆ ಸೂಜಿ: ಸಹಿ ಹಾಕುವ ಮುನ್ನ

ಕುತ್ತಿಗೆಯಲ್ಲಿ ಹುಟ್ಟಿದ ನೋವು ಭುಜ ದಾಟಿ ಬೆರಳ ತುದಿಯವರೆಗೂ ಜುಮ್ಮೆನ್ನುತ್ತದೆ. ಡಿಸ್ಕ್ ಜರುಗಿ ನರ ಒತ್ತುತ್ತಿದೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹಗುರಾಗುತ್ತದೆ ಎನ್ನುತ್ತಾರೆ ಡಾಕ್ಟರು. ರಾತ್ರಿಯೆಲ್ಲ ನಿದ್ದೆಗೆಟ್ಟ ರೋಗಿ ನರ್ಸ್ ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕುತ್ತಾನೆ.

ಆ ಸಹಿಯೊಂದೇ ಕಾನೂನಿನ ಕಣ್ಣಿಗೆ ಒಪ್ಪಿಗೆಯಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಚಿಕಿತ್ಸೆ ಎಂಥದ್ದು, ಯಾಕೆ, ಬೇರೆ ದಾರಿ ಇದೆಯೇ, ಗಣನೀಯ ಅಪಾಯವೇನು, ಬೇಡವೆಂದರೆ ಏನಾಗಬಹುದು, ಇಷ್ಟೂ ರೋಗಿಗೆ ತಿಳಿದಿರಬೇಕು. ಆದರೆ ಅದೇ ತೀರ್ಪಿನ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ: ತೀರಾ ದೂರದ ಅಪಾಯಗಳನ್ನು ವೈದ್ಯರು ತಾವಾಗಿ ಹೇಳಲೇಬೇಕೆಂದಿಲ್ಲ. ಹೇಳಿದರೆ ರೋಗಿ ಸುಮ್ಮನೆ ಹೆದರಿಯಾನು ಎಂಬ ಕಾಳಜಿ. ಹಾಗಾಗಿ ಕೇಳುವ ಕೆಲಸ ನಮ್ಮ ಮೇಲೆ ಬೀಳುತ್ತದೆ.

ಕುತ್ತಿಗೆಯ ಸೂಜಿಯಲ್ಲಿ ಆ ದೂರದ ಅಪಾಯ ಸಣ್ಣದಲ್ಲ. ಬೆನ್ನುಹುರಿಯ ಸುತ್ತ ಕೊಡುವ ಸ್ಟೀರಾಯ್ಡ್‌ನಿಂದ ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿನಾಶ, ಸಾವೂ ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತು. ಟ್ರಯಾಮ್ಸಿನೊಲೋನ್‌ನಂಥ ಔಷಧದಲ್ಲಿ ಸಣ್ಣ ಕಣಗಳಿರುತ್ತವೆ. ಮಿದುಳಿಗೆ ಹೋಗುವ ರಕ್ತನಾಳಕ್ಕೆ ಅವು ಹೊಕ್ಕರೆ ಅಡ್ಡ ಕೂರಬಹುದು. ಡೆಕ್ಸಾಮೆಥಾಸೋನ್‌ನಲ್ಲಿ ಆ ಕಣಗಳಿಲ್ಲ. ಯಾವ ಔಷಧ, ಎಕ್ಸ್‌ರೇ ನೋಡಿಕೊಂಡೇ ಸೂಜಿ ಹಾಕುತ್ತೀರಾ, ಇನ್ನು ಕೆಲವು ವಾರ ಮಾತ್ರೆ, ಫಿಸಿಯೋಥೆರಪಿಯಲ್ಲಿ ಕಾದರೆ ಆಗದೇ ಎಂದು ಕೇಳಿ. ಎಷ್ಟೋ ಜನರಿಗೆ ಈ ನೋವು ಕಾಲ ಕಳೆದಂತೆ ತಾನೇ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ.

ಏನಾದರೂ ಎಡವಟ್ಟಾದರೆ ಜಗಳಕ್ಕಿಂತ ಮೊದಲು ಕಾಗದ. ದಾಖಲೆಗಳ ಪ್ರತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ವೈದ್ಯರು 72 ಗಂಟೆಯೊಳಗೆ ಪ್ರತಿ ಕೊಡಬೇಕು. ನೋವು ಹೋಗಲಿಲ್ಲ ಎಂಬುದೊಂದೇ ನಿರ್ಲಕ್ಷ್ಯವಾಗದು ಎಂಬುದೂ ನೆನಪಿರಲಿ.

ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆ ಅದರ ಹೊರಗೆ. ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ಹಾವೇರಿಯವರು ತಮ್ಮ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವೈದ್ಯರ ವೃತ್ತಿ ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಬೇರೆ ಇದೆ. ಆದರೆ ಪರಿಷತ್ತಿನ ಉತ್ತರ ಬರಲೆಂದು ಆಯೋಗದ ಅರ್ಜಿಯನ್ನು ಮುಂದೂಡಬೇಡಿ, ಅಲ್ಲಿನ ಗಡುವು 2 ವರ್ಷ.