ಮೂರು ಬೆರಳಿನ ಬ್ಯಾಂಜೋ

ಬ್ಯಾಂಜೋ ಅಂದ್ರೆ ಚರ್ಮ ಬಿಗಿದ ದುಂಡು ವಾದ್ಯ. ಇದರ ಮೂಲ ಆಫ್ರಿಕಾ. ಗುಲಾಮರಾಗಿ ಹೋದವರ ಜೊತೆ ಅಮೆರಿಕ ಸೇರಿತು. ಇದನ್ನು ನುಡಿಸಿ ಹೆಸರಾದ ಅರ್ಲ್ ಸ್ಕ್ರಗ್ಸ್ ಬಗ್ಗೆ ನಾನು ಓದಿ ತಿಳಿದದ್ದು ಇಷ್ಟು.

ಸ್ಕ್ರಗ್ಸ್ 1924ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದರು. ನಾಲ್ಕನೇ ವಯಸ್ಸಿಗೇ ತಂದೆ ತೀರಿಕೊಂಡರು. ನೂಲಿನ ಗಿರಣಿಯಲ್ಲಿ ದುಡಿದರು, ಆದ್ರೂ ಬ್ಯಾಂಜೋ ಬಿಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿಂದ ಐದು ತಂತಿ ಮೀಟುವ ರೀತಿ ಅವರ ಸೀಮೆಯಲ್ಲಿ ಮೊದಲೇ ಇತ್ತು. ಅದನ್ನು ತಿದ್ದಿ ತೀಡಿದವರು ಇವರು.

1945ರಲ್ಲಿ ಬಿಲ್ ಮನ್ರೋ ತಂಡ ಸೇರಿದರು. ಆ ತಂಡದ ಹೆಸರಿನಿಂದಲೇ ಬ್ಲೂಗ್ರಾಸ್ ಎಂಬ ಸಂಗೀತಕ್ಕೆ ಹೆಸರು ಬಂತು. 1968ರಲ್ಲಿ ತಮ್ಮ ರೀತಿಯನ್ನು ಪುಸ್ತಕವಾಗಿ ಕೊಟ್ಟರು. ಅದನ್ನು ನೋಡಿ ಎಷ್ಟೋ ಮಂದಿ ಕಲಿತರು. 2012ರಲ್ಲಿ ಸ್ಕ್ರಗ್ಸ್ ತೀರಿಕೊಂಡರು, ಆ ರೀತಿ ಉಳಿಯಿತು. ವಿದ್ಯೆ ಬಚ್ಚಿಟ್ಟರೆ ಒಬ್ಬರ ಜೊತೆಗೇ ಹೋಗುತ್ತೆ, ಹಂಚಿದರೆ ಉಳಿಯುತ್ತೆ ಅಲ್ವೇ?